ಅಣ್ಣಾಸಾಬನ ರಕ್ತ, ಶೇವಂತಾಳ ಕೈ

ಅವತ್ತು ಡಾಕ್ಟರು ನನಗೆ ಗುಳಿಗೆ ಕೊಡಲಿಲ್ಲ. ಅವರು ಮಾಡಿದ್ದೇ ಸರಿ ಎಂದು ಈಗ ಗೊತ್ತಿದೆ. ಆದರೂ ಆ ಸಿಟ್ಟು ಇಳಿದಿಲ್ಲ.

ಅಣ್ಣಾಸಾಬ ಹನ್ನೊಂದು ವರ್ಷ ನನ್ನ ಟ್ರ್ಯಾಕ್ಟರ್ ಓಡಿಸಿದವನು. ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಕಾಗವಾಡದಿಂದ ಉಗಾರದ ಸಕ್ಕರೆ ಕಾರ್ಖಾನೆಗೆ ಹೊರಟರೆ ದಾರಿಯಲ್ಲಿ ಒಂದು ಗಳವೂ ಬೀಳುತ್ತಿರಲಿಲ್ಲ. ಕುಡಿಯುತ್ತಿರಲಿಲ್ಲ. ತಿಂಗಳಿಗೊಮ್ಮೆ ಮಿರಜಕ್ಕೆ ಹೋಗುತ್ತಿದ್ದ. ಅಲ್ಲಿ ಯಾರನ್ನೋ ಇಟ್ಟಿದ್ದಾನೆಂದು ನಾನು ಚೇಷ್ಟೆ ಮಾಡಿದರೆ ನಕ್ಕು ಟ್ರ್ಯಾಕ್ಟರ್ ಚಾಲೂ ಮಾಡುತ್ತಿದ್ದ.

ಹೋದ ಹಂಗಾಮಿನಲ್ಲಿ ನನ್ನ ಹೊಲದಲ್ಲೇ ಟ್ರೇಲರಿನ ಕೊಂಡಿ ಕಳಚಿ ಅವನ ತೊಡೆ ಸೀಳಿತು. ಕಬ್ಬು ಕಡಿಯುತ್ತಿದ್ದ ಶೇವಂತಾ ಓಡಿಬಂದು ಬರಿಗೈಯಿಂದ ಗಾಯ ಒತ್ತಿ ಹಿಡಿದಳು.

"ಕೈ ತೆಗಿ, ಶೇವಂತಾ," ಎಂದು ಅವನು ಬೇಡಿಕೊಂಡ.

"ಸುಮ್ನ ಮಲ್ಕೋ, ಭಾವು," ಎಂದಳು, ಒಡಹುಟ್ಟಿದ ಅಣ್ಣನಿಗೆ ಹೇಳುವ ಹಾಗೆ.

ಜೀಪಿನಲ್ಲಿ ಆಸ್ಪತ್ರೆ ಮುಟ್ಟುವವರೆಗೂ ಅವಳು ಕೈ ತೆಗೆಯಲಿಲ್ಲ. ನಾನು ಅವನ ಕಾಲು ಹಿಡಿದಿದ್ದೆ. ಇಬ್ಬರ ಕೈಯೂ ಮೊಣಕೈವರೆಗೆ ಕೆಂಪು.

ಮಂಚಕ್ಕೆ ಹಾಕಿದ ಕೂಡಲೇ ಅಣ್ಣಾಸಾಬ ಡಾಕ್ಟರ್ ಮೇಘಾ ಅವರ ಸೆರಗು ಹಿಡಿದ. "ಬಾಯಾರ, ನನಗ ಎಚ್‌ಐವಿ ಐತ್ರಿ. ಒಂಬತ್ತ ವರ್ಷಾತು, ಮಿರಜದಾಗ ಗುಳಿಗಿ ತಗೋತೀನಿ. ಮೊದ್ಲ ಆಕಿ ಕೈ ನೋಡ್ರಿ."

ಡಾಕ್ಟರು ಇಬ್ಬರಿಗೂ ಸಾಬೂನು ಹಚ್ಚಿ ತೊಳೆದುಕೊಳ್ಳಲು ಹೇಳಿ, ಕೈಗಳನ್ನು ದೀಪದ ಕೆಳಗೆ ಹಿಡಿದು ನೋಡಿದರು. ಶೇವಂತಾಳ ಅಂಗೈ ತುಂಬ ಕಬ್ಬಿನ ಗರಿ ಕೊಯ್ದ ಹಸಿ ಗೀರುಗಳು. ಅವಳ ರಕ್ತ ತಪಾಸಣೆಗೆ ತೆಗೆದುಕೊಂಡರು, ಆದರೆ ವರದಿಗೆ ಕಾಯಲಿಲ್ಲ. ಮೂರು ದಿನ ದಾಟಿದರೆ ಸೋಂಕು ತಡೆಯುವ ಗುಳಿಗೆ ಕೊಟ್ಟು ಪ್ರಯೋಜನವಿಲ್ಲ, ಬೇಗ ಕೊಟ್ಟಷ್ಟು ಒಳ್ಳೆಯದು ಎಂದು ಮೊದಲ ಗುಳಿಗೆ ಅಲ್ಲೇ ನುಂಗಿಸಿದರು. ಇಪ್ಪತ್ತೆಂಟು ದಿನ ಒಂದೂ ತಪ್ಪಿಸಬಾರದು ಎಂದರು.

ನನ್ನ ಕೈಯಲ್ಲಿ ಗೀರಿರಲಿಲ್ಲ. ಕಣ್ಣಿಗೆ, ಬಾಯಿಗೆ ಸಿಡಿದಿದೆಯೇ ಎಂದು ಕೇಳಿದರು. ಇಲ್ಲ ಎಂದೆ. "ಹಂಗಾರ ನಿಮಗ ಬ್ಯಾಡ್ರಿ. ಗಾಯಿಲ್ಲದ ತೊಗಲಿನಾಗ ಅದು ಇಳಿಯಂಗಿಲ್ಲ. ಸುಮ್ನ ತಗೊಂಡ್ರ ಗುಳಿಗಿ ತ್ರಾಸಷ್ಟ."

ಬಾಗಿಲಲ್ಲಿ ನಿಂತು ಕೂಗಿದೆ: "ಅಣ್ಣಾಸಾಬಂಗ ಏಡ್ಸ್ ಐತಿ, ಅವನ ರಕ್ತ ನನ್ನ ಮೈಮ್ಯಾಲ ಐತಿ, ನಾ ಸಾಯ್ಲೇನ?"

ಹೊರಗೆ ನಮ್ಮೂರಿನವರೇ ಹತ್ತು ಮಂದಿ ಇದ್ದರು.

ಶೇವಂತಾ ವಾಂತಿ ಮಾಡಿಕೊಳ್ಳುತ್ತಲೇ ಇಪ್ಪತ್ತೆಂಟು ದಿನ ಗುಳಿಗೆ ಮುಗಿಸಿದಳು. ಮೂರು ತಿಂಗಳ ತಪಾಸಣೆಯಲ್ಲಿ ಅವಳಿಗೆ ಏನೂ ಇರಲಿಲ್ಲ. ಅಣ್ಣಾಸಾಬನ ತೊಡೆಯೂ ಕೂಡಿತು. ಅಷ್ಟರಲ್ಲಿ ಚಹಾದಂಗಡಿಯಲ್ಲಿ ಅವನ ಗ್ಲಾಸು ಬೇರೆಯಾಗಿತ್ತು; ಅವನ ಟ್ರೇಲರಿಗೆ ಕಬ್ಬು ಹೇರಲು ಶೇವಂತಾಳ ಹೊರತು ಯಾರೂ ಬರಲಿಲ್ಲ. ಒಂದು ಮುಂಜಾನೆ ಟ್ರ್ಯಾಕ್ಟರಿನ ಕೀಲಿ ನಮ್ಮ ಕಟ್ಟೆಯ ಮೇಲಿತ್ತು.

ಈಗ ಮಿರಜದ ಕಡೆ ಗಾಡಿ ಓಡಿಸುತ್ತಾನಂತೆ. ಅವನ ನಂಬರು ನನ್ನ ಫೋನಿನಲ್ಲಿದೆ. ತಪ್ಪಾಯಿತು ಎಂಬ ಒಂದು ಮಾತು ಅವನಿಗೆ ಹೇಳುವುದಿದೆ. ಹೇಳಿಲ್ಲ.