ಸಿದ್ದರಾಜು ಕತ್ತರಿಸಿದ ತುಣುಕು

ಆ ಮಾತು ನಾನೇ ಆಡಿದ್ದು. ಯಾರೂ ತಿರುಚಲಿಲ್ಲ, ಯಾರೂ ಅಂಟಿಸಲಿಲ್ಲ. ವಿಡಿಯೊದಲ್ಲಿ ನೀವು ಕೇಳಿದ್ದು ನನ್ನದೇ ದನಿ, ನನ್ನದೇ ಮಾತು. ನಡುವೆ ಬೇಕೆಂದೇ ನಿಲ್ಲಿಸಿ ಚಪ್ಪಾಳೆಗೆ ಕಾದವನೂ ನಾನೇ. ಕ್ಯಾಮೆರಾ ಹಿಡಿದ ಗೆಳೆಯನೇ ಕತ್ತರಿ ಆಡಿಸಿ ನನ್ನ ಬಾಳು ಹಾಳು ಮಾಡಿದ ಎಂದು ಆರು ವರ್ಷ ಊರೂರಿಗೆ ಹೇಳಿಕೊಂಡು ಬಂದೆನಲ್ಲ — ಅದು ಸುಳ್ಳು.

ಇಷ್ಟಕ್ಕೇ ಮುಗಿಸಿಬಿಡಬಹುದಿತ್ತು. ಆದರೆ ಆ ವಿಡಿಯೊದಲ್ಲಿ ಒಂದು ಕಡೆ ಕತ್ತರಿ ಬಿದ್ದಿದ್ದಂತೂ ನಿಜ. ಅದೇಕೆ ಬಿತ್ತು ಎಂದು ಹೇಳದೆ ಹೋದರೆ ಈ ತಪ್ಪೊಪ್ಪಿಗೆಯೂ ನನ್ನ ಇನ್ನೊಂದು ಕಾರ್ಯಕ್ರಮವಾಗುತ್ತದೆ, ಅಷ್ಟೆ.

ನನ್ನನ್ನು ಮರೆತವರಿಗೆ ಹೇಳುತ್ತೇನೆ. ನಾನು ಕುಮಾರ, ಕೋಡಿಹಳ್ಳಿ ಕಡೆಯವನು. ನಮ್ಮ ಸೀಮೆಯ ಜನ ಮಾತಾಡುವ ಧಾಟಿಯನ್ನೇ ವೇದಿಕೆಗೆ ತಂದು ನಗಿಸುವುದು ನನ್ನ ಕಸುಬಾಗಿತ್ತು. ಕನಕಪುರ, ಚನ್ನಪಟ್ಟಣ, ಮಾಗಡಿ — ರಾಜ್ಯೋತ್ಸವವಿರಲಿ, ಕಾಲೇಜು ಸಮಾರಂಭವಿರಲಿ, ನನ್ನ ಹೆಸರು ಕೂಗಿದರೆ ಹುಡುಗರು ಶಿಳ್ಳೆ ಹೊಡೆಯುತ್ತಿದ್ದರು. ಟೀವಿಯ ಒಂದು ಹಾಸ್ಯ ಕಾರ್ಯಕ್ರಮಕ್ಕೂ ಆಯ್ಕೆಯಾಗಿದ್ದೆ. ತಲೆ ತಿರುಗದೆ ನಿಲ್ಲುವುದು ಕಷ್ಟವಿತ್ತು, ನಿಲ್ಲಲೂ ಇಲ್ಲ.

ಸಿದ್ದರಾಜು ರಾಮನಗರದವನು. ಐಟಿಐನಲ್ಲಿ ನನ್ನ ಪಕ್ಕದ ಬೆಂಚು. ಆಮೇಲೆ ಮದುವೆ, ನಾಮಕರಣಗಳ ವಿಡಿಯೊ ತೆಗೆಯುವ ಸ್ಟುಡಿಯೊ ಇಟ್ಟ. ನನ್ನ ಕಾರ್ಯಕ್ರಮಗಳನ್ನೆಲ್ಲ ಅವನೇ ಚಿತ್ರೀಕರಿಸುತ್ತಿದ್ದ. ಓದುವಾಗ ಎರಡು ವರ್ಷ ನಾನು ಉಂಡದ್ದು ಅವನ ಮನೆಯಲ್ಲಿ. ಅವನ ತಾಯಿ — ಕೆಂಪಮ್ಮ ಎನ್ನುತ್ತೇನೆ, ನಿಜವಾದ ಹೆಸರನ್ನು ಬರೆಯುವ ಯೋಗ್ಯತೆ ನನಗಿಲ್ಲ — ರೇಷ್ಮೆ ನೂಲು ತೆಗೆಯುವ, ರೀಲಿಂಗ್ ಎನ್ನುವ ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ಗೂಡು ಬೇಯುವ ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆ ಹುಡುಕುವ ಕೆಲಸ. ಬೆಂದ ಹುಳದ ವಾಸನೆ ಸೋಪು ಹಾಕಿದರೂ ಬಿಡುವಂಥದ್ದಲ್ಲ. ಸಿದ್ದ ಇನ್ನೂ ಅಂಗನವಾಡಿಗೆ ಹೋಗುವ ವಯಸ್ಸಿನಲ್ಲೇ ಗಂಡ ಮನೆ ಬಿಟ್ಟು ಹೋಗಿದ್ದ. ಎಲ್ಲಿಗೆ, ಯಾಕೆ ಎಂದು ಆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ. ಆಕೆಯನ್ನು ಅವ್ವ ಎಂದೇ ಕರೆದೆ.

ಮುದ್ದೆ ಬಡಿಸುವಾಗ ತನ್ನ ಕೈ ನೋಡಿಕೊಂಡು ಆಕೆಯೇ ನಗುತ್ತಿದ್ದಳು: "ಹುಳ ಬೇಯ್ಸಿದ್ ಕೈ ಕಣಪ್ಪಾ. ಮೂಗ್ ಮುಚ್ಕಂಡ್ ಉಣ್ಣು, ಹೊಟ್ಟೇಗೇನ್ ಗೊತ್ತಾಯ್ತದೆ?"

ಅದು ಆ ಮನೆಯ ಮಾತು. ಆ ಮನೆಯ ಅನ್ನ ಉಂಡವರಿಗೆ ಮಾತ್ರ ಕೇಳಿಸಿದ್ದ ಮಾತು — ನಾನು ಅದನ್ನು ಮಾಗಡಿಯ ಒಂದು ಕಾಲೇಜಿನ ವೇದಿಕೆ ಹತ್ತಿಸಿದೆ.

ಮೊದಲಿಗೆ ಆಕೆ ಹೇಳಿದಂತೆಯೇ ಹೇಳಿದೆ. ಸಣ್ಣಗೆ ನಕ್ಕರು. ನನಗೆ ಅಷ್ಟು ಸಾಲಲಿಲ್ಲ. "ರೀಲಿಂಗ್ ಹೆಂಗಸರ ಗಂಡಂದಿರು ಯಾಕ್ ಜಗುಲಿ ಮೇಲೆ ಮಲಗ್ತಾರೆ ಗೊತ್ತಾ? ಒಳಗೋದ್ರೆ ಮೂಗು ಉಳಿಯಲ್ಲ!" ಎಂದೆ. ಸಭೆ ಹೋ ಎಂದಿತು. ಆ ಹೋ ಎನ್ನುವ ಸದ್ದು ತಲೆಗೇರಿದರೆ ನಾಲಿಗೆಗೆ ಲಗಾಮಿರುವುದಿಲ್ಲ... ಇಲ್ಲ, ನೆಪ ಹೇಳಬಾರದು. ಲಗಾಮು ನನ್ನ ಕೈಯಲ್ಲೇ ಇತ್ತು, ನಾನೇ ಬಿಟ್ಟೆ. ಕೆಂಪಮ್ಮನ ಹೆಸರು ಹೇಳಿ, ಆಕೆಯ ಗಂಡ ಮನೆ ಬಿಟ್ಟು ಹೋದದ್ದಕ್ಕೂ ಆ ವಾಸನೆಗೂ ಗಂಟು ಹಾಕಿ ಇನ್ನೊಂದು ಮಾತು ಆಡಿದೆ. ಅದನ್ನು ಇಲ್ಲಿ ಪೂರ್ತಿ ಬರೆಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ನಗು ಬಂದದ್ದು ಅದಕ್ಕೇ. ಮಾಗಡಿಯ ಆ ಹುಡುಗರಿಗೆ ಕೆಂಪಮ್ಮ ಯಾರೋ ಏನೋ. ಗೊತ್ತಿದ್ದವನು ಒಬ್ಬನೇ — ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕ್ಯಾಮೆರಾದ ಹಿಂದೆ ನಿಂತಿದ್ದವನು.

ಮಾರನೆಯ ದಿನ ಸಿದ್ದರಾಜು ಫೋನು ಮಾಡಿದ. "ಕಾಲೇಜಿಗೆ ವಿಡಿಯೊ ಕೊಟ್ಟೆ ಕಣ್ಲಾ. ಅವ್ವನ್ ಮಾತಿದ್ ತುಣುಕ ತಗ್ದ್ಬುಟ್ಟಿವ್ನಿ. ನನ್ ಹತ್ರಾನೂ ಮಡಿಕ್ಕಂಡಿಲ್ಲ. ಇನ್ಮ್ಯಾಕೆ ಅದುನ್ನ ಎಲ್ಲೂ ಅನ್ಬ್ಯಾಡ" ಎಂದ. ಅಷ್ಟೇ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು!

ಆ ಒಂದೇ ಕತ್ತರಿ. ತಾಯಿಯ ಮಾನ ಉಳಿಸಲು ಮಗ ಹಾಕಿದ್ದು. ನಿಜ ಹೇಳಬೇಕೆಂದರೆ ನನ್ನ ಮಾನವೂ ಅದರಲ್ಲಿ ಉಳಿದಿತ್ತು.

ವಾರ ಕಳೆಯುವುದರೊಳಗೆ ಕಾಲೇಜಿನ ಯಾರೋ ಆ ವಿಡಿಯೊದಿಂದ ಜಗುಲಿಯ ಮಾತನ್ನು ಎತ್ತಿ ಹರಿಬಿಟ್ಟರು. ಮೂಲೆಯಲ್ಲಿ ಸಿದ್ದನ ಸ್ಟುಡಿಯೊ ಹೆಸರಿತ್ತು. ರಾಮನಗರದ ಗೂಡಿನ ಮಾರುಕಟ್ಟೆಯ ಮುಂದೆ ನೂಲು ತೆಗೆಯುವ ಹೆಂಗಸರು ನನ್ನ ಫೋಟೊ ಹಿಡಿದು ಕೂತರು. ಒಪ್ಪಿಕೊಂಡಿದ್ದ ಕಾರ್ಯಕ್ರಮಗಳೆಲ್ಲ ಒಂದೊಂದಾಗಿ ರದ್ದಾದವು. ಟೀವಿಯವರು ಫೋನು ಎತ್ತುವುದನ್ನೇ ಬಿಟ್ಟರು. ಅವತ್ತು ಶಿಳ್ಳೆ ಹೊಡೆದವರೇ ಈಗ ವಿಡಿಯೊದ ಕೆಳಗಡೆ ಉಗಿದು ಬರೆಯುತ್ತಿದ್ದರು. ನಕ್ಕವರೆಲ್ಲ ಎಲ್ಲಿಗೆ ಹೋದಿರಿ ಎಂದು ಕೂಗಬೇಕೆನಿಸಿತು. ಒಂದೆರಡು ಗಂಟೆ, ಸಿದ್ದನೇ ನನ್ನನ್ನು ಮಾರಿದ ಎಂದು ನಿಜವಾಗಿಯೂ ನಂಬಿದ್ದೆ. ಆ ಸಂಕಟ ನಟನೆಯಲ್ಲ. ಆಮೇಲೆ ವಿಷಯ ತಿಳಿಯಿತು — ಅವನಲ್ಲ, ಕಾಲೇಜಿನವರು. ತಿಳಿದ ಮೇಲೂ ನಾನು ಫೋನು ಮುಂದಿಟ್ಟುಕೊಂಡು ಲೈವ್ ಬಂದೆ.

"ಇದು ಕತ್ತರಿಸಿ ಅಂಟಿಸಿದ ವಿಡಿಯೊ. ಇಲ್ಲಿ ನೋಡಿ, ಇಲ್ಲಿ ಎಗರುತ್ತೆ. ಕ್ಯಾಮೆರಾ ಹಿಡಿದೋನು ನನ್ನ ಸ್ನೇಹಿತ. ಒಂದೇ ತಟ್ಟೇಲಿ ಉಂಡೋನೇ ನನಗೆ ದ್ರೋಹ ಮಾಡಿದ."

ಕಣ್ಣಲ್ಲಿ ನೀರೂ ಬಂತು. ದ್ರೋಹಕ್ಕೆ ಸಿಕ್ಕವನ ವೇಷ ನನಗೆ ಒಪ್ಪಿತು ನೋಡಿ — ಅಷ್ಟು ಚೆನ್ನಾಗಿ ಯಾವ ವೇದಿಕೆಯಲ್ಲೂ ಮಾಡಿರಲಿಲ್ಲ. ಜಗುಲಿಯ ಮಾತಿನ ಬೆನ್ನಿಗೇ, ಸಿದ್ದ ಅವ್ವನ ಮಾತು ತೆಗೆದ ಕಡೆ, ವಿಡಿಯೊ ಎಗರುವುದು ಎಲ್ಲರಿಗೂ ಕಾಣುತ್ತಿತ್ತು. "ನಾವು ಅಲ್ಲೇ ಇದ್ವಿ, ಇವರೇ ಅಂದ್ರು" ಎಂದು ಒಂದಿಬ್ಬರು ಹುಡುಗರು ಬರೆದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಿದ್ದ ಬಾಯಿ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಏನು ಕತ್ತರಿಸಿದೆ ಎಂದು ಅವನು ಹೇಳಬೇಕಾದರೆ ಅವ್ವನ ಹೆಸರು ಹೇಳಬೇಕು. ಅದನ್ನು ಅವನು ಹೇಳುವವನಲ್ಲ. ನನ್ನ ತಪ್ಪುಗಳಲ್ಲಿ ದೊಡ್ಡದು ಆ ನಗೆಮಾತಲ್ಲ. ಇದು — ಅವನಿಗೆ ತಾಯಿಯ ಮೇಲಿದ್ದ ಪ್ರೀತಿಯ ಹಿಂದೆ ನಾನು ಅಡಗಿ ಕೂತದ್ದು.

ಕೆಂಪಮ್ಮ ನನ್ನನ್ನೇ ನಂಬಿದಳು. ತಾನು ಅನ್ನವಿಕ್ಕಿದ ಹುಡುಗ ತನ್ನಂಥವರ ಬಗ್ಗೆ ಹಾಗೆ ಆಡುವುದುಂಟೇ ಎಂದು ಬೀದಿಯವರ ಜೊತೆ ನನ್ನ ಪರವಾಗಿ ಜಗಳವಾಡಿದಳು. ಕೊನೆಗೆ ಇದು ಮಾತಿನಲ್ಲಿ ಬಗೆಹರಿಯುವುದಲ್ಲವೆಂದು ಇಬ್ಬರನ್ನೂ ಕಬ್ಬಾಳಿನ ಗುಡಿಗೆ ಕರೆದುಕೊಂಡು ಹೋದಳು. ನಮ್ಮ ಕಡೆ ಕಬ್ಬಾಳಮ್ಮನ ಮುಂದೆ ನಿಂತು ಸುಳ್ಳಾಡುವ ಧೈರ್ಯ ಯಾರಿಗೂ ಇಲ್ಲ.

"ನೀನ್ ಆಣೆ ಮಾಡ್ಬ್ಯಾಡ ಕಣಪ್ಪಾ, ನೊಂದಿದ್ದೀಯ" ಎಂದಳು ನನಗೆ. ಆಮೇಲೆ ಮಗನ ಕಡೆ ತಿರುಗಿದಳು. "ಸಿದ್ದ, ಅಮ್ಮನ್ ಮುಂದೆ ಯೋಳು. ನಾ ಕತ್ರಿಸ್ನಿಲ್ಲ ಅಂತ ಯೋಳ್ಬುಡು. ಸಾಕು."

ಸಿದ್ದರಾಜು ನನ್ನತ್ತ ಒಂದು ಸಲ ನೋಡಿದ. ಈಗಲಾದರೂ ಹೇಳುತ್ತೀಯಾ ಎನ್ನುವ ನೋಟ. ನಾನು ತಲೆ ತಗ್ಗಿಸಿದೆ. ಕತ್ತರಿಸಿದವನು ಕತ್ತರಿಸಲಿಲ್ಲ ಎಂದು ಹೇಗೆ ಆಣೆ ಮಾಡಿಯಾನು?

"ಕತ್ರಿಸ್ದೆ ಅವ್ವ," ಎಂದ.

"ಯಾಕ್ಲಾ?"

ಅವನು ಅಮ್ಮನಿಗೆ ಕೈ ಮುಗಿದು ಗುಡಿಯಿಂದ ಹೊರಗೆ ನಡೆದ.

ಅವತ್ತಿನಿಂದ ತಾಯಿ ಮಗನ ಜೊತೆ ಮಾತು ಬಿಟ್ಟಳು. ಗೆಳೆಯನಿಗೇ ಕತ್ತರಿ ಹಾಕಿದವನು ನಮ್ಮ ಮದುವೆ ವಿಡಿಯೊ ಏನು ಮಾಡಿಯಾನೋ ಎಂದು ಜನ ದೂರವಾದರು. ಸ್ಟುಡಿಯೊ ಮುಚ್ಚಿತು. ಸಿದ್ದ ಬಿಡದಿಯಲ್ಲಿ ಒಂದು ಕಾರ್ಖಾನೆಗೆ ಸೇರಿ ಅಲ್ಲೇ ಮನೆ ಮಾಡಿದ. ನನಗೆ ಪಾಪದವನೆಂದು ಸಣ್ಣಪುಟ್ಟ ಕಾರ್ಯಕ್ರಮಗಳು ಮತ್ತೆ ಸಿಕ್ಕವು. ಜನ ಈಗ ಅಳೆದು ನಗುತ್ತಿದ್ದರು, ನಾನೂ ಅಳೆದೇ ಮಾತಾಡುತ್ತಿದ್ದೆ. ಅಂಥ ಹಾಸ್ಯ ಯಾರಿಗೆ ಬೇಕು? ಹಬ್ಬಕ್ಕೆ ಮಾತ್ರ ಕೆಂಪಮ್ಮ ತಪ್ಪದೆ ಕರೆದು ಮಗನ ಜಾಗದಲ್ಲಿ ನನ್ನನ್ನು ಕೂರಿಸಿ ಬಡಿಸುತ್ತಿದ್ದಳು. ನಾಚಿಕೆಗೆಟ್ಟು ಹೋಗುತ್ತಿದ್ದೆ, ಉಣ್ಣುತ್ತಿದ್ದೆ.

ಈ ಯುಗಾದಿಗೂ ಹೋಗಿದ್ದೆ. ಒಬ್ಬಟ್ಟು ಹಾಕುತ್ತಾ, "ಒಸಿ ಬಿಡ್ದಿ ಕಡೆ ಹೋದ್ರೆ ಅವ್ನ್ ಹೆಂಗವ್ನೆ ಅಂತ ದೂರದಿಂದ್ಲೇ ನೋಡ್ಕಂಬಾ, ನಾ ಯೋಳ್ದೆ ಅನ್ಬ್ಯಾಡ" ಎಂದಳು. ಆರು ವರ್ಷ ಮುಚ್ಚಿಟ್ಟದ್ದು ಅವತ್ತು ಹೊರಗೆ ಬಂತು. ಮಾಗಡಿ, ಜಗುಲಿ, ಅವಳ ಗಂಡನ ಬಗ್ಗೆ ಆಡಿದ ಆ ಮಾತು, ಅದನ್ನು ಸಿದ್ದ ತೆಗೆದದ್ದು — ಒಂದನ್ನೂ ಬಿಡದೆ ಹೇಳಿದೆ. ಹೊಡೆಯುತ್ತಾಳೆ ಎಂದುಕೊಂಡೆ. ಆಕೆ ಒಬ್ಬಟ್ಟಿನ ತಟ್ಟೆಯನ್ನು ಕೆಳಗಿಟ್ಟಳು.

"ನೀ ಅಂಗಂದಾಗ ಸಿದ್ದ ಅಲ್ಲೇ ಇದ್ನಾ?"

"ಇದ್ದ ಅವ್ವ. ಕ್ಯಾಮೆರಾ ಹಿಡ್ದಿದ್ದ."

"ಕಬ್ಬಾಳಲ್ಲಿ ಅದ್ಕೇ ಬಾಯ್ ಬುಡ್ನಿಲ್ವಾ, ನನ್ ಮಗ?"

ನಾನು ತಲೆಯಾಡಿಸಿದೆ. ಆಕೆ ಎದ್ದು ಬಾಗಿಲು ಎಳೆದುಕೊಂಡು, ಉಟ್ಟ ಸೀರೆಯಲ್ಲೇ ಬಸ್‌ಸ್ಟ್ಯಾಂಡಿಗೆ ನಡೆದಳು. ನಾನು ಹಿಂದೆಯೇ ಓಡಿದೆ. ಮಾಡಿದ್ದನ್ನು ಬರೆದು ನಾಲ್ಕು ಜನಕ್ಕೆ ತಿಳಿಸಲೇ ಎಂದು ಕೇಳಿದೆ. ನಿಲ್ಲದೆಯೇ ಹೇಳಿದಳು: "ಎಲ್ರೂಗೂ ಯೋಳು. ಆ ಮಾನ ಮಡಿಕ್ಕಂಡ್ ನಾನೇನ್ ಮಾಡ್ಲಿ? ನನ್ ಮಗನ್ ಮಾತಾಡ್ಸಿ ಆರ್ ವರ್ಸ ಆಯ್ತು."

ಅದಕ್ಕೇ ಇದನ್ನು ಬರೆದದ್ದು. ಕ್ಷಮೆ ಕೇಳುವುದಿಲ್ಲ. ಅದನ್ನು ಕೊಡಬೇಕಾದವರಿಬ್ಬರೂ ನನಗೆ ಒಂದು ಸಲವೂ ಕೆಟ್ಟದ್ದು ಬಯಸಿದವರಲ್ಲ, ಹಾಗಿರುವಾಗ ಯಾವ ಬಾಯಲ್ಲಿ ಕೇಳಲಿ... ಸಿದ್ದರಾಜು ದ್ರೋಹಿ ಎಂದು ನನ್ನ ಮಾತು ಕೇಳಿ ಬೈದವರು ಅವನನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದರೆ ಸಾಕು. ವೇದಿಕೆಯನ್ನು ನಾನು ಬಿಟ್ಟಿದ್ದೇನೆ.

ಯುಗಾದಿಯ ಆ ದಿನ ಬಿಡದಿಯ ಬಸ್ಸು ಬಂತು. ನಾನೂ ಹತ್ತಲು ಹೋದೆ. ಕೆಂಪಮ್ಮ ಮೆಟ್ಟಿಲ ಮೇಲಿಂದ ತಿರುಗಿ ನೋಡಿದಳು.

"ನೀ ಬರ್ಬ್ಯಾಡ," ಎಂದಳು. "ನೀನ್ ಎದ್ರುಗಿದ್ರೆ ಅವ್ನು ಈಗ್ಲೂವೆ ಬಾಯ್ ಬುಡಾಕಿಲ್ಲ."