ಒಬ್ಬಳೇ ಹಾಡಿದ ಗುಯಿರಾಂಗ್

ಚೀನಾದ ಹೆನಾನ್ ಪ್ರಾಂತ್ಯದ ತನ್ನ ಹಳ್ಳಿಯಲ್ಲಿ ಕ್ರೈಸ್ತರ ಮನೆಯಲ್ಲಿ ಸಾವಾದಾಗಲೆಲ್ಲ ಮೂವತ್ತು ವರ್ಷ ಮುಂದೆ ನಿಂತು ಹಾಡಿದವಳು ಶೆನ್ ಗುಯಿರಾಂಗ್. ಈಗ ಅವಳ ಗಂಡನೇ ಶವಪೆಟ್ಟಿಗೆಯಲ್ಲಿದ್ದ. ತನಗೂ ಆ ಹಾಡು ಬೇಕೆಂದು ಸಾಯುವ ಮೊದಲು ಕೇಳಿಕೊಂಡಿದ್ದ.

ಹಳ್ಳಿಯ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿ ಬೆಳಿಗ್ಗೆಯೇ ಬಂದ. “ಅತ್ತಿಗೆ, ವಾಲಗ ಎಷ್ಟು ಬೇಕಾದ್ರೂ ಊದಿಸಿ. ನಿಮ್ಮ ಯೇಸು ಹಾಡು ಮಾತ್ರ ಬೇಡ, ಮೇಲಿಂದ ಆದೇಶ ಬಂದಿದೆ.”

“ನಿನ್ನಮ್ಮನ್ನ ಇದೇ ಹಾಡ್ಕೊಂಡು ಮಣ್ಣಿಗಿಟ್ವಲ್ಲೋ! ನೀನೂ ಅತ್ತಿದ್ದೆ.”

“ಆಗ ನಾನು ಕಾರ್ಯದರ್ಶಿ ಆಗಿರ್ಲಿಲ್ಲ.”

ಶವಯಾತ್ರೆ ಹೊರಟಾಗ ಗುಯಿರಾಂಗ್ ಹಾಡು ಎತ್ತಿದಳು. ಯಾರ ಅಪ್ಪ, ಅಮ್ಮಂದಿರಿಗೆ ಹಾಡಿದ್ದಳೋ ಅವರೇ ತಲೆಗೆ ಬಿಳಿ ಬಟ್ಟೆ ಕಟ್ಟಿ ಪೆಟ್ಟಿಗೆ ಹೊತ್ತರು. ಬಾಯಿ ಮಾತ್ರ ಬಿಡಲಿಲ್ಲ.

ಪಾಸ್ಟರ್ ಪಿಸುಗುಟ್ಟಿದರು: “ಮನಸ್ಸಲ್ಲೇ ಹಾಡ್ಕೊಳ್ಳಮ್ಮಾ, ದೇವರಿಗೆ ಕೇಳ್ಸತ್ತೆ.”

“ನಾವು ಹೆದರಿದ್ದೂ ಕೇಳ್ಸತ್ತೆ ಪಾಸ್ಟರೇ,” ಎಂದವಳು ಗುಂಡಿಯವರೆಗೂ ಒಬ್ಬಳೇ ಹಾಡಿದಳು.