ಗದಗಿನ ದೊಡ್ಡವ್ವ

ಬೆಳ್ಳಟ್ಟಿಯಲ್ಲಿ ಹದಿನೇಳು ವರ್ಷ ಎಲ್ಲರೂ ನಂಬಿಕೊಂಡಿದ್ದ ಒಂದು ಸುಳ್ಳಿತ್ತು. ಅದನ್ನು ಹೇಳಿದವನು ನಾನೇ. ಮೊಮ್ಮಗಳು ದುರ್ಗಾ ಮೂರು ವಾರಕ್ಕೊಮ್ಮೆ ನನ್ನ ಜೊತೆ ಗದಗಿನ ಬಸ್ಸು ಹತ್ತುತ್ತಿದ್ದಳು. ಎಲ್ಲಿಗೆ ಎಂದು ಕೇಳಿದವರಿಗೆ, "ಅಕೀ ದೊಡ್ಡವ್ವನ ಮನಿಗೆ" ಎನ್ನುತ್ತಿದ್ದೆ. ನಿಜವಾಗಿ ಗದಗಿನಲ್ಲಿ ನಮಗೆ ಒಂದು ಬೆಕ್ಕಿನ ನಂಟೂ ಇರಲಿಲ್ಲ. ಇದ್ದದ್ದು ಒಂದು ದೊಡ್ಡ ಆಸ್ಪತ್ರೆ, ಅದರೊಳಗೆ ಮಕ್ಕಳ ವಾರ್ಡು, ಆ ವಾರ್ಡಿನಲ್ಲಿ ಆಯಾ ಹನಮಂತವ್ವ.

ದುರ್ಗಾಳಿಗೆ ಹುಟ್ಟಿನಿಂದಲೇ ಥಲಸ್ಸೀಮಿಯಾ. ಮೈ ತನಗೆ ಬೇಕಾದ ರಕ್ತವನ್ನು ತಾನು ಮಾಡಿಕೊಳ್ಳಲಾರದ ರೋಗ. ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕು. ತಪ್ಪಿದರೆ ಎಣ್ಣೆ ತೀರಿದ ಹಣತೆಯ ಹಾಗೆ ಹುಡುಗಿ ಸಣ್ಣಗಾಗುತ್ತಾಳೆ. ಹೆಣ್ಣುಮಗು, ನಾಳೆ ಒಂದು ಮನೆ ಸೇರಬೇಕಾದವಳು, ರೋಗದ ಹೆಸರು ಓಣಿಗೆ ಬಿದ್ದರೆ ಯಾರು ಕೇಳಿಕೊಂಡು ಬಂದಾರು ಎಂದು ನಾನು ಯೋಚಿಸಿದೆ. ಶಾಲೆಯ ಕಟ್ಟೆ ಹತ್ತದೆ, ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಕಲಿತವನು ನಾನು. ನನ್ನ ಬುದ್ಧಿಯ ಮೇಲೆ ನನಗೆ ಬಲು ಭರವಸೆ. ಮನೆಯೊಳಗೂ ಆ ಹೆಸರು ಎತ್ತಕೂಡದೆಂದು ಸೊಸೆ ನಾಗರತ್ನಾಗೆ ಕಟ್ಟಪ್ಪಣೆ ಮಾಡಿದೆ. ದುರ್ಗಾ ಹಾಗೆಯೇ ಬೆಳೆದಳು. ತನ್ನ ಮೈಯೊಳಗಿನ ರೋಗದ ಹೆಸರನ್ನು ಒಮ್ಮೆಯೂ ತನ್ನ ಬಾಯಿಂದ ಆಡದೆ.

ಹನಮಂತವ್ವ ಅಂತೂರ ಬೆಂತೂರಿನವಳು. ಮದುವೆಯಾಗಿ ಬೆಟಗೇರಿಗೆ ಬಂದಳು. ಗಂಡ ಹುಲಗಪ್ಪ ಹಮಾಲಿ. ಇವಳು ಮೆಣಸಿನಕಾಯಿ ತೊಟ್ಟು ಮುರಿಯುವ ಕೂಲಿಗೆ ಹೋಗಿ, ಕಣ್ಣುರಿ ತಾಳದೆ ಆಸ್ಪತ್ರೆಯ ಕಸಬರಿಗೆ ಹಿಡಿದಳು. ಓದು ಬಾರದು. ಆದರೆ ಮಕ್ಕಳ ವಾರ್ಡಿನ ಕಿಟಕಿಯ ಸರಳಿಗೆ ಅವಳು ಕಟ್ಟಿದ ಬಣ್ಣದ ದಾರಗಳನ್ನು ನೋಡಬೇಕಿತ್ತು. ಒಂದೊಂದು ಮಗುವಿಗೆ ಒಂದೊಂದು ಬಣ್ಣ, ದಿನಕ್ಕೊಂದು ಗಂಟು. ಇಪ್ಪತ್ತೊಂದು ಗಂಟಾದ ದಿನ ಆ ಮಗು ಬಾಗಿಲಲ್ಲಿ ಕಾಣಬೇಕು. ಕಾಣದಿದ್ದರೆ ನರ್ಸಮ್ಮನ ಬೆನ್ನುಹತ್ತಿ ಊರಿಗೆ ಫೋನು ಮಾಡಿಸುವಳು. ದುರ್ಗಾಳದು ಹಸಿರು ದಾರ.

ರಕ್ತ ಏರಲು ನಾಲ್ಕು ತಾಸು ಬೇಕು. ಹನಿ ಬೀಳುವುದನ್ನು ನೋಡುತ್ತ ಮಲಗುವುದು ದೊಡ್ಡವರಿಗೇ ಕಷ್ಟ, ಇನ್ನು ಮಕ್ಕಳ ಪಾಡೇನು? ಹನಮಂತವ್ವ ಮಂಚದ ಕಾಲಿಗೆ ಒರಗಿ ಕುಳಿತು ಮೆಲ್ಲಗೆ ಶುರುಮಾಡುವಳು.

"ಇವತ್ತಿನ ರಕ್ತದ ಚೀಲ ಯಾರದು ಗೊತ್ತೇನು? ಬೆಟಗೇರಿ ನೇಕಾರಂದು. ಕಣ್ಣ ಮುಚ್ಚು. ಮಗ್ಗದ ಸಪ್ಪಳ ಕೇಳಸ್ತೈತಿ."

ಮತ್ತೊಂದು ದಿನ ಅದು ಮುಂಡರಗಿಯ ಅಂಬಿಗನದು, ತುಂಗಭದ್ರೆಯ ಮೇಲೆ ಹರಿಗೋಲು ತೇಲಿಸುವವನದು. ಇನ್ನೊಂದು ದಿನ ಲಕ್ಷ್ಮೇಶ್ವರದ ಬಳೆಗಾರ್ತಿಯದು. ಮಕ್ಕಳು ಕಣ್ಣು ಮುಚ್ಚುತ್ತಿದ್ದವು. ಹೊರಗೆ ಬೇವಿನ ಮರದ ನೆರಳು ಗೋಡೆಯ ಮೇಲೆ ತೂಗುತ್ತಿತ್ತು. ಕೆಂಪು ಹನಿ ಇಳಿಯುತ್ತಲೇ ಇತ್ತು. ಆ ಮಂಪರಿನಲ್ಲಿ ನನಗೂ ಎಷ್ಟೋ ಸಲ ಮಗ್ಗದ ಸಪ್ಪಳ ಕೇಳಿದೆ. ಎದ್ದ ಮೇಲೆ ದುರ್ಗಾ, "ದೊಡ್ಡವ್ವಾ, ಕನಸಿನ್ಯಾಗ ಹರಿಗೋಲ ತಿರಗಾಕತ್ತಿತ್ತು" ಎನ್ನುವಳು. ನಾನು ಊರಿಗೆ ಹೇಳಿದ ಸುಳ್ಳು ಹೀಗೆ ಆ ವಾರ್ಡಿನಲ್ಲಿ ನಿಜವಾಗಿಬಿಟ್ಟಿತ್ತು.

ಹೋದ ವರ್ಷ ದುರ್ಗಾಳಿಗೆ ಹದಿನೆಂಟು ತುಂಬಿತು. ಇನ್ನು ಮಕ್ಕಳ ವಾರ್ಡು ಆಗದು, ಅಂಗಳದಾಚೆಯ ದೊಡ್ಡವರ ವಾರ್ಡಿಗೆ ಹೋಗಬೇಕು ಎಂದು ಮಕ್ಕಳ ಡಾಕ್ಟರು ತಿಂಗಳುಗಳ ಮೊದಲೇ ತಿಳಿಸಿದ್ದರು. ಬೇವಿನ ಮರ ದಾಟಿದರೆ ಎಪ್ಪತ್ತು ಹೆಜ್ಜೆ, ಅಷ್ಟೇ ದೂರ. ಆದರೆ ಹಗ್ಗ ಬಿಚ್ಚಿದರೂ ಕರು ಗೂಟದ ಸುತ್ತಲೇ ಸುತ್ತುತ್ತದೆ.

ಇಂಥ ದಿನಕ್ಕೆ ಹನಮಂತವ್ವನದೊಂದು ಪದ್ಧತಿ. ಗಂಡುಮಕ್ಕಳಿಗಾದರೆ ಹೆಗಲಿಗೆ ಟವೆಲ್ಲು ಹೊದಿಸುವಳು. ಹೆಣ್ಣುಮಕ್ಕಳಿಗೆ ಉಡಿ ತುಂಬುವಳು. ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಎಲೆ ಅಡಿಕೆ, ಕುಪ್ಪಸದ ಕಣ. ದುರ್ಗಾಳ ಉಡಿಯನ್ನೂ ತುಂಬಿದಳು. ಆಮೇಲೆ ಫೈಲನ್ನು ತಾನೇ ಕಂಕುಳಲ್ಲಿ ಇಟ್ಟುಕೊಂಡು ಮುಂದೆ ನಡೆದಳು. ಹೊಸ ಮದುಮಗಳು ಅತ್ತೆಮನೆಯಲ್ಲಿ ಮೊದಲ ದಿನ ಬಾಯಿ ಬಿಡುವಂತಿಲ್ಲ, ಕಳಿಸಲು ಬಂದ ಹಿರಿಯಳೇ ಮಾತಾಡಬೇಕು ಎಂಬುದು ನಮ್ಮ ಕಡೆಯ ರೂಢಿ. ಹನಮಂತವ್ವ ಅದನ್ನೇ ಪಾಲಿಸಿದಳು. ನಾನೂ ತಲೆಯಾಡಿಸುತ್ತ ಹಿಂದೆ ಹೋದೆ. ಇಬ್ಬರೂ ತಪ್ಪಿದ್ದು ಅಲ್ಲಿಯೇ.

ದೊಡ್ಡವರ ವಾರ್ಡಿನ ಡಾಕ್ಟರ್ ಮೇಡಂ ದುರ್ಗಾಳ ಮುಖ ನೋಡಿ ಕೇಳಿದರು. "ಏನಮ್ಮಾ, ನಿನಗ ಏನ ಆಗೇತಿ?"

ದುರ್ಗಾ ತಿರುಗಿ ಹನಮಂತವ್ವನನ್ನು ನೋಡಿದಳು. ಹನಮಂತವ್ವ ಹೇಳಿದಳು.

"ಯಾವ ಗುಳಿಗಿ ತಗೋತಿ?"

ದುರ್ಗಾ ಮತ್ತೆ ತಿರುಗಿದಳು. ಹನಮಂತವ್ವ ಬಣ್ಣ, ಗಾತ್ರ, ಹೊತ್ತು ಎಲ್ಲ ಒಪ್ಪಿಸಿದಳು.

ಮೇಡಂ ಪೆನ್ನು ಕೆಳಗಿಟ್ಟರು. "ಅಜ್ಜೀ, ಸೂಜಿ ಚುಚ್ಚೋದು ನಿಮಗೋ ಈ ಹುಡುಗಿಗೋ?"

ಸರದಿಯಲ್ಲಿದ್ದ ಒಂದಿಬ್ಬರು ನಕ್ಕರು. ಮೇಡಂ ನಗಲಿಲ್ಲ. "ಇವತ್ತ ರಕ್ತ ಹಾಕ್ತೀನಿ. ಮುಂದಿನ ಸಲ ಇಕಿನ ಬಂದು ಹೇಳಬೇಕು. ಬಸ್ಸಿನ್ಯಾಗ, ಕಾಲೇಜಿನ್ಯಾಗ ಎಚ್ಚರ ತಪ್ಪಿದ್ರ ನೀವ ಇರ್ತೀರೇನು ಹೇಳಾಕ?"

ಆ ದಿನ ದುರ್ಗಾ ಎತ್ತರದ ಮಂಚದ ಮೇಲೆ ಗೋಡೆಯ ಕಡೆ ಮುಖಮಾಡಿ ಮಲಗಿದಳು. ಯಾರ ರಕ್ತ ಎಂದು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಬಸ್ಸಿನಲ್ಲಿ ಒಂದೇ ಮಾತು ಆಡಿದಳು. "ಅಜ್ಜಾ, ನಾ ಇನ್ನ ಅಲ್ಲಿ ಕಾಲ ಇಡಂಗಿಲ್ಲ."

ಹುಡುಗಾಟ ಎಂದುಕೊಂಡೆ. ಇಪ್ಪತ್ತೊಂದನೆಯ ದಿನ ಬಂತು. ಅವಳು ಹೊದ್ದುಕೊಂಡು ಮಲಗಿದಳು. ತಾಯಿ ಅತ್ತಳು, ನಾನು ಗದರಿದೆ, ಕೆಲಸಕ್ಕೆ ಬರಲಿಲ್ಲ. ಇಪ್ಪತ್ತೈದು ದಿನಕ್ಕೆ ತುಟಿ ಸುಣ್ಣದ ಬಣ್ಣಕ್ಕೆ ಬಂತು. ಇಪ್ಪತ್ತೆಂಟಕ್ಕೆ ಹಿತ್ತಲಿನಿಂದ ಪಡಸಾಲೆಗೆ ಬರುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದಳು. ಹುಡುಗಿಯ ಎದೆಬಡಿತ ಕುಪ್ಪಸದ ಮೇಲೇ ಕಾಣುತ್ತಿತ್ತು.

ಮರುದಿನ ಮುಂಜಾನೆಯ ಬಸ್ಸಿಗೆ ಹನಮಂತವ್ವ ಬೆಳ್ಳಟ್ಟಿಗೆ ಬಂದಿಳಿದಳು. ದುರ್ಗಾಳ ಲೆಕ್ಕ ಈಗ ಅವಳ ವಾರ್ಡಿನದಲ್ಲ. ಆದರೂ ಹಸಿರು ದಾರ ಬಿಚ್ಚದೆ ಗಂಟು ಹಾಕುತ್ತಲೇ ಇದ್ದಳಂತೆ. ಎಂಟು ಗಂಟು ಹೆಚ್ಚಾದ ಮೇಲೆ ಅದನ್ನು ಬಿಚ್ಚಿ ಸೆರಗಿಗೆ ಕಟ್ಟಿಕೊಂಡು ಬಂದಿದ್ದಳು.

ಪಕ್ಕದ ಮನೆಯ ಶಾರದವ್ವ ನಮ್ಮ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಒಳಗಿನಿಂದ ದುರ್ಗಾ "ದೊಡ್ಡವ್ವಾ" ಎಂದದ್ದು ಕೇಳಿದ್ದೇ ಮೊರ ಬಿಟ್ಟು ಎದ್ದಳು.

"ಅಯ್ಯ, ಗದಗಿನ ದೊಡ್ಡವ್ವಾರು ನೀವ ಏನ್ರಿ! ಬರ್ರಿ, ಕುಂಡ್ರಿ. ಹದಿನೇಳ ವರ್ಷದಾಗ ಒಮ್ಮಿನೂ ಈ ಕಡೆ ಮುಖ ಹಾಕಲಿಲ್ಲ ನೋಡ್ರಿ. ಅಲ್ರೀ, ನಮ್ಮ ದುರ್ಗಿ ನಿಮ್ಮ ಮನಿಗೆ ಹೋಗೂ ಮುಂದ ಅರಿಷಿಣ ಬಡದಂಗ ಹೋಗ್ತಾಳ, ಬರೂ ಮುಂದ ಗುಲಗಂಜಿ ಆಗಿ ಬರ್ತಾಳ. ಒಂದ ದಿನದಾಗ ಅಂಥಾದ್ದ ಏನ ತಿನಸ್ತೀರಿ?"

ನಾನು "ಗೋದಿ ಹುಗ್ಗಿ..." ಎಂದು ಶುರುಮಾಡಿದೆ.

"ನೀಲಪ್ಪಣ್ಣ, ನಿಮ್ಮನ್ನ ಯಾರ ಕೇಳ್ಯಾರ?" ಎಂದಳು ಹನಮಂತವ್ವ. ಆಮೇಲೆ ಒಳಬಾಗಿಲಿಗೆ ಒರಗಿ ನಿಂತಿದ್ದ ದುರ್ಗಾಳ ಕಡೆ ತಿರುಗಿದಳು. "ನೀನ ಹೇಳವಾ. ತಿಂದಾಕಿ ನೀನು."

ದುರ್ಗಾ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಆಮೇಲೆ ತಾಯಿಯನ್ನು, ಹನಮಂತವ್ವನನ್ನು ನೋಡಿದಳು. ಶೇಂಗಾ ಸಿಪ್ಪೆ ಗಾಳಿಗೆ ಕಟ್ಟೆಯ ಮೇಲೆ ಸರಿದಾಡಿದ್ದು ಕೇಳಿತು.

"ರಕ್ತ" ಎಂದಳು ದುರ್ಗಾ. "ರಕ್ತ ಹಾಕಸ್ಕೋತೀನಿ ಕಾಕು. ನನಗ ಥಲಸ್ಸೀಮಿಯಾ ಐತಿ. ಹುಟ್ಟಿದಾಗಿಂದ. ಅದ ಅಂಟೂದಲ್ಲ. ಇವರು ನಮ್ಮ ದೊಡ್ಡವ್ವ ಅಲ್ಲ, ದವಾಖಾನಿ ಆಯಾ." ಒಂದು ಉಸಿರು ತೆಗೆದುಕೊಂಡು, "ದೊಡ್ಡವ್ವನೂ ಹೌದು" ಎಂದಳು.

ಶಾರದವ್ವ ಬೆರಳು ಮಡಚಿ ಏನೋ ಎಣಿಸಿದಳು. "ಹಂಗಾರ ನಿನ್ನ ಮೈಯಾಗ ಎಷ್ಟ ಮಂದಿ ಅದಾರ ದುರ್ಗಿ! ನನ್ನ ಮಗ ಅಪ್ಪು ಕಾಲೇಜಿನ್ಯಾಗ ರಕ್ತ ಕೊಟ್ಟು ಒಂದ ಬಿಸ್ಕೀಟ ಪುಡಾ ತಂದಿದ್ದ. ಅವಂದೂ ನಿನಗ ಬಂದಿರಬೇಕು. ಅದಕ್ಕ ನೀ ಇತ್ತಿತ್ತಲಾಗ ಯಾರ ಮಾತೂ ಕೇಳವಲ್ಲಿ."

ದುರ್ಗಾ ನಕ್ಕಳು. ನಗುವುದಕ್ಕೂ ಅವಳಿಗೆ ಏದುಸಿರು ಬಂತು. ಮಾತು ಸಂಜೆಯೊಳಗೆ ಊರ ಅಗಸಿ ಬಾಗಿಲು ಮುಟ್ಟಿತಂತೆ. ಮರುದಿನದಿಂದ ಇಬ್ಬರು ನನ್ನನ್ನು ಕಂಡು ಮುಖ ತಿರುವಿದರು. ಒಬ್ಬರು ತಂಬಿಗೆ ಹಾಲು ಕಳಿಸಿದರು. ನನ್ನ ಹದಿನೇಳು ವರ್ಷದ ಜಾಣತನಕ್ಕೆ ಅಷ್ಟೇ ಬೆಲೆ ಬಂದದ್ದು.

ಆ ಮುಂಜಾನೆಯೇ, ಹನಮಂತವ್ವ ಬಂದಿಳಿದ ಬಸ್ಸು ತಿರುಗಿ ಬಂದಾಗ ಮೂವರೂ ಹತ್ತಿದೆವು. ಶಿರಹಟ್ಟಿ ದಾಟಿದ ಮೇಲೆ ಕಪ್ಪತಗುಡ್ಡದ ಗಾಳಿಗಿರಣಿಗಳು ನಿದ್ದೆಯಲ್ಲಿ ಕೈ ಬೀಸಿದ ಹಾಗೆ ತಿರುಗುತ್ತಿದ್ದವು. ದುರ್ಗಾ ಹನಮಂತವ್ವನ ತೊಡೆಯ ಮೇಲೆ ತಲೆಯಿಟ್ಟಿದ್ದಳು.

"ನಾ ನಿನ್ನ ಬಾಯಿ ಆಗಿದ್ದೆ. ನಂದ ತಪ್ಪಾತು" ಎಂದಳು ಹನಮಂತವ್ವ, ಕಿಟಕಿಯ ಕಡೆ ನೋಡುತ್ತ. "ಈಗ ನಾ ಡಾಕ್ಟರ. ಹೇಳು, ಯಾವ ಗುಳಿಗಿ?"

ದುರ್ಗಾ ಕಣ್ಣುಮುಚ್ಚಿ ಹೇಳಿದಳು. ತಪ್ಪಿದಾಗ ಹನಮಂತವ್ವ ಹೇಳಿಕೊಡಲಿಲ್ಲ, ಹಣೆಯ ಮೇಲೆ ಬೆರಳಿನಿಂದ ಒಂದು ಪೆಟ್ಟು ಕೊಟ್ಟಳು. ದುರ್ಗಾ ಮತ್ತೆ ನೆನಪಿಸಿಕೊಂಡಳು. ಮುಂದಿನ ಸೀಟಿನ ಗಂಡಸು ತಿರುಗಿ ನೋಡಿದ. ಅವಳು ದನಿ ತಗ್ಗಿಸಲಿಲ್ಲ. ಹಾಗೆ ಗದಗ ಬರುವವರೆಗೂ ಹೇಳಿದಳು, ಅರ್ಧ ಎಚ್ಚರ, ಅರ್ಧ ಕನಸು.

ಆಸ್ಪತ್ರೆಯ ಬೇವಿನ ಮರದ ಕೆಳಗೆ ಹನಮಂತವ್ವ ನಿಂತುಬಿಟ್ಟಳು. ಫೈಲನ್ನು ದುರ್ಗಾಳ ಕೈಗಿಟ್ಟಳು. ಹಸಿರು ದಾರವನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಡಹೋದಳು. "ಇನ್ನ ಗಂಟ ನೀನ ಹಾಕ್ಕೋ."

"ತಾರೀಖ ಮೊಬೈಲಿನ್ಯಾಗ ಹಾಕೀನಿ ದೊಡ್ಡವ್ವಾ" ಎಂದಳು ದುರ್ಗಾ. ಆದರೂ ದಾರ ತೆಗೆದುಕೊಂಡು ಮುಂಗೈಗೆ ಸುತ್ತಿಕೊಂಡಳು.

ನಾನು ಮೇಡಂ ಕೋಣೆಯ ಹೊರಗಿನ ಬೆಂಚಿನಲ್ಲಿ ಕುಳಿತೆ. ಪರದೆಯ ಹಿಂದಿನಿಂದ ಅವಳ ದನಿ ಬಂತು. ಸಣ್ಣ ದನಿ, ಆದರೆ ಅವಳದೇ.

"ನನಗ ಥಲಸ್ಸೀಮಿಯಾ ಐತ್ರಿ. ಮೂರ ವಾರಕ್ಕೊಮ್ಮೆ ಎರಡ ಚೀಲ. ಈ ಸಲ ಎಂಟ ದಿನ ತಪ್ಪಿಸೀನಿ, ತಪ್ಪ ನಂದ. ಕಬ್ಬಿಣ ಹೊರಗ ಹಾಕೂ ಗುಳಿಗಿ ಮುಂಜಾನೆ ಖಾಲಿ ಹೊಟ್ಟಿಲೆ ನೀರಾಗ ಕರಗಿಸಿ ಕುಡೀತೀನಿ. ಸಾಲ್ಯಾಗ ಆರನೇತ್ತ ಇದ್ದಾಗ ಒಮ್ಮಿ ರಕ್ತ ಏರಸೂ ಮುಂದ ಥಂಡಿ ಹತ್ತಿ ದದ್ದ ಎದ್ದಿದ್ದು. ಎಡಗೈ ಬ್ಯಾಡ್ರಿ, ಬಲಗೈ ನರ ಚಲೋ ಸಿಗತೈತಿ."

ಪೆನ್ನು ಬರೆಯುವ ಸದ್ದು ಕೇಳಿತು. "ಮುಂದ?" ಎಂದರು ಮೇಡಂ, "ಇನ್ನೇನರ ಐತೇನು?"

"ಅಂಜಿಕಿ ಐತ್ರಿ."

"ಅದನ್ನೂ ಬರಕೋತೀನಿ" ಎಂದರು ಅವರು.

ಮಧ್ಯಾಹ್ನ ಮೊದಲನೆಯ ಚೀಲ ಅರ್ಧ ಇಳಿದಿತ್ತು. ನಾನು ಬಾಗಿಲಲ್ಲಿ ಗೋಡೆಗೊರಗಿ ತೂಕಡಿಸುತ್ತಿದ್ದೆ. ದುರ್ಗಾಳ ಪಕ್ಕದ ಮಂಚದಲ್ಲಿ ತಸ್ಲೀಮ ಎಂಬ ಹೆಂಗಸು, ಎರಡು ಮಕ್ಕಳ ತಾಯಿ. ಹೆರಿಗೆಯಾದ ಮೇಲೆ ರಕ್ತ ಕಡಿಮೆಯಾಗಿ ಮೊದಲ ಸಲ ಏರಿಸಿಕೊಳ್ಳುತ್ತಿದ್ದಳು. ಚೀಲ ನೋಡಲಾರದೆ ಕಣ್ಣು ಬಿಗಿಹಿಡಿದು ನರಳುತ್ತಿದ್ದಳು.

"ಅಕ್ಕಾ, ನಿಮ್ಮ ಚೀಲ ಯಾರದು ಗೊತ್ತೇನು?" ದುರ್ಗಾಳ ದನಿ. "ಮುಂಡರಗಿ ಅಂಬಿಗಂದು. ಅವನ ಹರಿಗೋಲ ಒಂದಿನಾನೂ ಮುಳುಗಿಲ್ಲ. ಕಣ್ಣ ಬಿಗಿ ಹಿಡೀಬ್ಯಾಡ್ರಿ, ಸಡ್ಲ ಮಾಡ್ರಿ. ನೀರ ಸಪ್ಪಳ ಕೇಳಸ್ತೈತಿ."

ತಸ್ಲೀಮಳ ನರಳಿಕೆ ನಿಂತಿತು. ನಾನು ಕಣ್ಣು ತೆರೆದೆ. ವಾರ್ಡಿನ ಹೊರಗಿನ ಮೊಗಸಾಲೆಯಲ್ಲಿ, ಕಂಬದ ಮರೆಗೆ, ಹನಮಂತವ್ವ ಕಸಬರಿಗೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನನಗೆ ಸುಮ್ಮನಿರುವಂತೆ ಸನ್ನೆ ಮಾಡಿದಳು. ಬೇವಿನ ನೆರಳು ದಾಟಿ ತನ್ನ ವಾರ್ಡಿನ ಮಕ್ಕಳ ಕಡೆಗೆ ಹೋದಳು.

ಅವಳು ಬಂದು ಹೋದದ್ದನ್ನು ದುರ್ಗಾಳಿಗೆ ನಾನು ಹೇಳಿಲ್ಲ. ಮುಚ್ಚಿಟ್ಟದ್ದು ಇದೊಂದೇ ಉಳಿದಿದೆ, ಇರಲಿ.